ಚಿಪ್ಸ್ ತೂಗುವ ಲೆಕ್ಕ

ಚಿಪ್ಸ್ ಒಂದೊಂದೂ ಒಂದೊಂದು ಗಾತ್ರ. ಆದರೂ ಎಲ್ಲ ಪ್ಯಾಕೆಟ್‌ಗಳ ತೂಕ ಹೆಚ್ಚುಕಡಿಮೆ ಒಂದೇ ಇರುತ್ತದಲ್ಲ, ಹೇಗೆ?

ಒಂದೇ ತಕ್ಕಡಿಯಾದರೆ ಕೊನೆಯ ಚೂರಿಗೇ ಪೇಚಾಟ: ಹಾಕಿದರೆ ಜಾಸ್ತಿ, ಬಿಟ್ಟರೆ ಕಡಿಮೆ. ಅದಕ್ಕೇ ಕಾರ್ಖಾನೆಯ ಯಂತ್ರದಲ್ಲಿ ಸುತ್ತಲೂ ಹತ್ತೋ ಹದಿನಾಲ್ಕೋ ತೂಗುವ ಸಣ್ಣ ಬುಟ್ಟಿಗಳಿರುತ್ತವೆ. ಮೇಲಿನ ತಟ್ಟೆ ಅದುರುತ್ತಾ ಒಂದೊಂದಕ್ಕೂ ಒಂದಿಷ್ಟು ಬೀಳಿಸುತ್ತದೆ. ಒಂದರಲ್ಲಿ 11 ಗ್ರಾಂ, ಉಳಿದವುಗಳಲ್ಲಿ 14, 17, 19, ಹೀಗೆ. 50 ಗ್ರಾಂ ಆಗಲು ಯಾವ್ಯಾವುದನ್ನು ಕೂಡಿಸಬೇಕೆಂದು ಕಂಪ್ಯೂಟರ್ ಕ್ಷಣದಲ್ಲಿ ಹುಡುಕುತ್ತದೆ. ಬಸ್ ಚಾರ್ಜಿಗೆ ಸರಿಹೊಂದುವಂತೆ ಜೇಬಿನ ಚಿಲ್ಲರೆ ಆರಿಸುತ್ತೇವಲ್ಲ, ಹಾಗೆ. ಹತ್ತೇ ಬುಟ್ಟಿಯಿದ್ದರೂ ಕೂಡಿಸುವ ದಾರಿ 1,023! ಆರಿಸಿದ ಬುಟ್ಟಿಗಳಷ್ಟೇ ಬಾಯಿ ತೆರೆಯುತ್ತವೆ. ಜಪಾನಿನ ಇಶಿದಾ ಕಂಪನಿ 1972ರಲ್ಲಿ ಈ ಯಂತ್ರ ಮಾಡಿದ್ದು ಚಿಪ್ಸ್‌ಗಲ್ಲ, ದೊಣ್ಣೆಮೆಣಸಿನಕಾಯಿಗೆ. ಹಿಟ್ಟಿಗೆ ಮಾತ್ರ ಇದು ಒಗ್ಗದು, ದೂಳೆದ್ದು ಬುಟ್ಟಿಗೇ ಮೆತ್ತಿಕೊಳ್ಳುತ್ತದೆ. ಅಲ್ಲಿ ಕೊಳವೆಯೊಳಗೆ ತಿರುಗುವ ಸ್ಕ್ರೂ ಎಷ್ಟು ಸುತ್ತಿತೋ ಅಷ್ಟು ಹಿಟ್ಟು.