ಚಿತ್ರಮಂದಿರ ಹೋಯಿತು, ಆರ್ಗನ್ ಎಲ್ಲಿ?

ಮೂಕಿ ಚಿತ್ರಗಳ ಕಾಲದಲ್ಲಿ ಅಮೆರಿಕದ ದೊಡ್ಡ ಚಿತ್ರಮಂದಿರಗಳಿಗೆ ಹೋದವರು ಸಿನಿಮಾದಷ್ಟೇ ಆಸೆಯಿಂದ ಕಾಯುತ್ತಿದ್ದದ್ದು ಆರ್ಗನ್‌ಗಾಗಿ. ಪರದೆಯ ಮುಂದಿನ ನೆಲ ಬಾಯ್ತೆರೆದು, ಕುದುರೆ ಲಾಳದ ಆಕಾರದ ಒಂದು ಪೀಠ ಲಿಫ್ಟ್ ಮೇಲೆ ಏರಿ ಬರುತ್ತಿತ್ತು. ಸುತ್ತ ಬಣ್ಣಬಣ್ಣದ ಬಿಲ್ಲೆಗಳು, ನಡುವೆ ಮೆಟ್ಟಿಲುಮೆಟ್ಟಿಲಾಗಿ ನಾಲ್ಕು ಕೀಲಿಮಣೆ, ಕಾಲಡಿ ಇನ್ನೊಂದು, ಎದುರಿಗೆ ಒಬ್ಬನೇ ವಾದಕ. ಜನ ಅದನ್ನೇ ಆರ್ಗನ್ ಎಂದುಕೊಂಡಿದ್ದರು. ಆದರೆ ದನಿ ಹೊರಡುತ್ತಿದ್ದದ್ದು ವೇದಿಕೆಯ ಅಕ್ಕಪಕ್ಕ, ಗಾರೆಯ ಜಾಲಂಧ್ರಗಳ ಹಿಂದೆ ಅಡಗಿದ್ದ ಕೋಣೆಗಳಿಂದ. ಮರದ ಮತ್ತು ಲೋಹದ ಸಾವಿರಾರು ಕೊಳವೆಗಳು ಅಲ್ಲಿದ್ದವು. ಗಾಳಿಯೂದುವ ಯಂತ್ರ ಸಾಮಾನ್ಯವಾಗಿ ಇನ್ನೂ ದೂರದಲ್ಲಿ, ನೆಲಮಾಳಿಗೆಯಲ್ಲೋ ಮತ್ತೆಲ್ಲೋ. ನಮ್ಮ ಹಾರ್ಮೋನಿಯಂನಲ್ಲಿ ತಿದಿ, ಸ್ವರ, ಕೀಲಿಮಣೆ ಎಲ್ಲ ಒಂದೇ ಪೆಟ್ಟಿಗೆಯೊಳಗೆ; ನಾಟಕ ಕಂಪನಿ ಊರು ಬಿಟ್ಟರೆ ಅದೂ ಗಾಡಿ ಹತ್ತುತ್ತದೆ. ಈ ಆರ್ಗನ್ ಹಾಗಲ್ಲ, ಕಟ್ಟಡವೇ ಅದರ ಪೆಟ್ಟಿಗೆ.

ಇದಕ್ಕೆ ತಳಹದಿ ಹಾಕಿದವನು ರಾಬರ್ಟ್ ಹೋಪ್-ಜೋನ್ಸ್. 1859ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆತ ವೃತ್ತಿಯಿಂದ ಟೆಲಿಫೋನ್ ಎಂಜಿನಿಯರ್. ಕೀಲಿಯಿಂದ ಕೊಳವೆಗೆ ಸುದ್ದಿ ಮುಟ್ಟಿಸಲು ಕಡ್ಡಿ, ಸನ್ನೆಗಳ ಬದಲು ವಿದ್ಯುತ್ ತಂತಿ ಸಾಕೆಂಬುದು ಆತನಿಗೆ ಹೊಳೆದಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಸಾಲಿನ ಕೊಳವೆಗಳನ್ನು ಹಲವು ಶ್ರುತಿಗಳಲ್ಲಿ, ಯಾವ ಕೀಲಿಮಣೆಯಿಂದ ಬೇಕಾದರೂ ನುಡಿಸುವ ವ್ಯವಸ್ಥೆಯನ್ನೂ ಆತ ಬೆಳೆಸಿದ. ಕೆಲವೇ ಸಾಲುಗಳಿಂದ ಇಡೀ ವಾದ್ಯವೃಂದದ ಭ್ರಮೆ ಹುಟ್ಟಿಸುವ ಉಪಾಯ ಅದು. ಆತ ಕಂಡುಹಿಡಿದ ಡಯಾಫೋನ್ ಎಂಬ ಆರ್ಗನ್ ದನಿ ಮುಂದೆ ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕಹಳೆಯಾಯಿತೆಂದರೆ ಅದರ ಗಂಟಲು ಎಂಥದ್ದೆಂದು ಊಹಿಸಿಕೊಳ್ಳಿ. 1903ರಲ್ಲಿ ಅಮೆರಿಕಕ್ಕೆ ಹೋದ ಆತ 1910ರಲ್ಲಿ ನ್ಯೂಯಾರ್ಕ್ ರಾಜ್ಯದ ನಾರ್ತ್ ಟೊನಾವಾಂಡದಲ್ಲಿದ್ದ ವುರ್ಲಿಟ್ಜರ್ ಕಂಪನಿ ಸೇರಿದ. 1914ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆತ ಹಾಕಿಕೊಟ್ಟ ದಾರಿಯಲ್ಲಿ ವುರ್ಲಿಟ್ಜರ್ ಎರಡು ಸಾವಿರಕ್ಕೂ ಹೆಚ್ಚು ಆರ್ಗನ್ ಮಾಡಿತು. ಕುದುರೆಯ ಗೊರಸಿನ ಸದ್ದು, ಹಕ್ಕಿಯ ಸಿಳ್ಳು, ಮೋಟಾರಿನ ಹಾರ್ನ್, ಡ್ರಮ್ಮು, ತಾಳ, ಎಲ್ಲವೂ ಅದರಲ್ಲೇ. 1927ರಲ್ಲಿ 'ದಿ ಜಾಝ್ ಸಿಂಗರ್' ಬಂದು ಪರದೆಯೇ ಮಾತಾಡಲು ಶುರುಮಾಡಿದ ಮೇಲೆ ಇವಕ್ಕೆಲ್ಲ ಕೆಲಸ ತಪ್ಪಿತು.

ಆ ಹೊತ್ತಿಗೆ ಸರಿಯಾಗಿಯೇ ವುರ್ಲಿಟ್ಜರ್ ತನ್ನ ಅತಿ ದೊಡ್ಡ ಆರ್ಗನ್‌ಗಳಲ್ಲಿ ಕೆಲವನ್ನು ಕಟ್ಟುತ್ತಿತ್ತು. ನಾಲ್ಕು ಕೀಲಿಮಣೆ, ಮೂವತ್ತಾರು ಸಾಲು ಕೊಳವೆಗಳ ಈ ಐವರು ಅಕ್ಕತಂಗಿಯರಲ್ಲಿ ಹಿರಿಯಳು ನ್ಯೂಯಾರ್ಕಿನ ಪ್ಯಾರಮೌಂಟ್‌ಗೆ ಹೋದಳು. ಉಳಿದವರು ಬ್ರೂಕ್ಲಿನ್, ಡೆಟ್ರಾಯಿಟ್, ಸೇಂಟ್ ಲೂಯಿಸ್, ಸ್ಯಾನ್ ಫ್ರಾನ್ಸಿಸ್ಕೋದ ಫಾಕ್ಸ್ ಚಿತ್ರಮಂದಿರಗಳಿಗೆ.

ಸ್ಯಾನ್ ಫ್ರಾನ್ಸಿಸ್ಕೋದ ಫಾಕ್ಸ್ ಬಾಗಿಲು ತೆರೆದದ್ದು 1929ರ ಜೂನ್‌ನಲ್ಲಿ. ವಾಸ್ತುಶಿಲ್ಪಿ ಥಾಮಸ್ ಲ್ಯಾಂಬ್, ಆಸನಗಳು 4,651. ಕೆಲವೇ ತಿಂಗಳಲ್ಲಿ ಷೇರುಪೇಟೆ ಕುಸಿಯಿತು. ಆಮೇಲೆ ಟಿ.ವಿ. ಬಂತು. ಕಟ್ಟಡವನ್ನು ನಗರವೇ ಕೊಳ್ಳಲಿ ಎಂಬ ಪ್ರಸ್ತಾಪವನ್ನು 1961ರಲ್ಲಿ ಮತದಾರರು ತಳ್ಳಿಹಾಕಿದರು. 1963ರಲ್ಲಿ ಅದನ್ನು ಕೆಡವಿದರು.

ಆರ್ಗನ್ ಉಳಿದದ್ದು ಒಬ್ಬ ರಾಜಕಾರಣಿಯಿಂದ ಎಂದರೆ ನಮ್ಮವರು ನಂಬಲಿಕ್ಕಿಲ್ಲ. ಕ್ಯಾಲಿಫೋರ್ನಿಯಾ ವಿಧಾನಸಭೆಯ ಸದಸ್ಯ ಫ್ರಾಂಕ್ ಲ್ಯಾಂಟರ್ಮನ್ ಪ್ರಾಯದಲ್ಲಿ ಚಿತ್ರಮಂದಿರಗಳ ಆರ್ಗನ್ ವಾದಕನಾಗಿದ್ದವನು. ಮನೋರೋಗಿಗಳ ಹಕ್ಕುಗಳ ಕುರಿತ 1967ರ ಹೆಸರಾಂತ ಕಾಯ್ದೆ ಆತನ ಹೆಸರನ್ನೂ ಹೊತ್ತಿದೆ. ಆತ ಫಾಕ್ಸ್‌ನ ಆರ್ಗನ್ ಕೊಂಡು ಲಾ ಕನ್ಯಾಡದ ತನ್ನ ಮನೆಯಲ್ಲಿ ಕೂರಿಸಿದ. 1981ರಲ್ಲಿ ಆತ ತೀರಿಕೊಂಡ ಮೇಲೆ ಅದು ಮತ್ತೆ ಅಲೆಯಿತು. ಕೊನೆಗೆ ಡಿಸ್ನಿಯವರು ಅದನ್ನು ಹಾಲಿವುಡ್‌ನ ಎಲ್ ಕ್ಯಾಪಿಟನ್ ಚಿತ್ರಮಂದಿರಕ್ಕೆ ತಂದರು. ಈಗ ಅಲ್ಲಿ ಸಿನಿಮಾಕ್ಕೆ ಮುಂಚೆ ಅದರ ವಾದನ ನಡೆಯುತ್ತದೆ.

ಎಲ್ಲ ಆರ್ಗನ್‌ಗಳಿಗೂ ಇಂಥ ಭಾಗ್ಯವಿರಲಿಲ್ಲ. ಚಿತ್ರಮಂದಿರ ಕೆಡವುವ ಮುನ್ನ ಸಿಕ್ಕ ಬೆಲೆಗೆ ಬಿಡಿಬಿಡಿಯಾಗಿ ಮಾರಿದ್ದೇ ಹೆಚ್ಚು: ಪೀಠ ಒಬ್ಬರಿಗೆ, ಒಂದೆರಡು ಸಾಲು ಕೊಳವೆ ಚರ್ಚಿಗೆ, ಗಾಳಿಯಂತ್ರ ಇನ್ನೊಬ್ಬರಿಗೆ. ಕೆಲವು ಪಿಜ್ಜಾ ಹೋಟೆಲುಗಳನ್ನೂ ಸೇರಿದವು. ಅರಿಜೋನಾದ ಮೇಸಾದಲ್ಲಿ ಊಟದ ಮೇಜುಗಳ ನಡುವೆ ಇಂದಿಗೂ ನುಡಿಯುವ ಆರ್ಗನ್‌ನ ಮೂಲ, ಡೆನ್ವರ್‌ನ ಒಂದು ಚಿತ್ರಮಂದಿರ. ಕಳೆದುಹೋದ ಆರ್ಗನ್‌ನ ಜಾಡು ಹಿಡಿಯುವವರಿಗೆ ಆಧಾರ ಒಂದು ಸಂಖ್ಯೆ. ಪ್ರತಿ ಆರ್ಗನ್‌ಗೂ ಕಾರ್ಖಾನೆ ಕೊಟ್ಟ ಕ್ರಮಸಂಖ್ಯೆಯಿತ್ತು. ಯಾವ ಊರಿನ ಯಾವ ಮಂದಿರಕ್ಕೆ ಎಂದು ರವಾನಿಸಿದರೆಂಬ ದಾಖಲೆಯೂ ಇತ್ತು. ಅದೇ ಸಂಖ್ಯೆ ಯಾವುದೋ ಚರ್ಚಿನ ಕೊಳವೆಯ ಮೇಲೆ ಕಂಡರೆ ಒಂದು ಎಳೆ ಸಿಕ್ಕಂತೆ. 1955ರಲ್ಲಿ ಶುರುವಾದ ಅಮೆರಿಕದ ಥಿಯೇಟರ್ ಆರ್ಗನ್ ಪ್ರಿಯರ ಸಂಘದವರು ಇಂಥ ಎಳೆಗಳನ್ನು ಕೂಡಿಸುತ್ತ ಬಂದಿದ್ದಾರೆ.

ಹಾಗೆ ಸಿಕ್ಕಿದ್ದು ಆರ್ಗನ್ನೇ ಎನ್ನಬಹುದೇ? ಬ್ರೂಕ್ಲಿನ್ ಫಾಕ್ಸ್ 1971ರಲ್ಲಿ ನೆಲಸಮವಾಯಿತು, ಅದರ ಆರ್ಗನ್ ಚೂರುಚೂರಾಗಿ ಹಂಚಿಹೋಯಿತು. ಅದರ ಒಂದು ಸಾಲು ಎಲ್ಲೋ ಇನಿದಾಗಿ ನುಡಿಯುತ್ತಿದ್ದರೂ ಅದನ್ನು ನಾನು ಬ್ರೂಕ್ಲಿನ್ ಆರ್ಗನ್ ಎನ್ನಲಾರೆ. ಪ್ಯಾರಮೌಂಟ್‌ನದು ಕಾನ್ಸಾಸ್‌ನ ವಿಚಿಟಾಕ್ಕೆ ಹೋಗಿ 1972ರಿಂದ ಅಲ್ಲಿನ ಸಭಾಂಗಣದಲ್ಲಿ ಹೊಸ ಬಾಳು ಕಂಡಿತು. ಎಲ್ ಕ್ಯಾಪಿಟನ್ನಿನದೂ ನಿಜವಾದದ್ದೇ, ಸಂಶಯವಿಲ್ಲ. ಆದರೆ ನಾಲ್ಕೂವರೆ ಸಾವಿರ ಜನರ ಸಭೆಗೆಂದು ಹದಗೊಳಿಸಿದ ದನಿ ಈಗ ಸುಮಾರು ಸಾವಿರ ಜನರ ಸಭಾಂಗಣದಲ್ಲಿ ಕೇಳುತ್ತಿದೆ.

ಹುಟ್ಟಿದ ಮನೆಯಲ್ಲೇ ಕೇಳಬೇಕೆಂದರೆ ಡೆಟ್ರಾಯಿಟ್ಟಿಗೋ ಸೇಂಟ್ ಲೂಯಿಸ್‌ಗೋ ಹೋಗಬೇಕು. ಅಲ್ಲಿ ಮಂದಿರವೂ ಇದೆ, ಆರ್ಗನ್ನೂ ಕದಲಿಲ್ಲ. ಸೇಂಟ್ ಲೂಯಿಸ್‌ನದನ್ನು 1950ರ ದಶಕದಲ್ಲಿ ಮತ್ತೆ ನುಡಿಯುವಂತೆ ಮಾಡಿ, ಎರಡು ದಶಕಕ್ಕೂ ಹೆಚ್ಚು ಕಾಲ ಅದರ ಮುಂದೆ ಕೂತ ವಾದಕ ಸ್ಟ್ಯಾನ್ ಕ್ಯಾನ್. ಆತನಿಗಿದ್ದ ಇನ್ನೊಂದು ಹುಚ್ಚು ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳ ಸಂಗ್ರಹ. ಅವುಗಳಿಂದಲೇ ಆತ ಟಿ.ವಿ.ಯಲ್ಲಿ ದೇಶಕ್ಕೆಲ್ಲ ಪರಿಚಿತನಾದ.