ನೋವಿಲ್ಲದ ಎಚ್ಚರಿಕೆ

ಹಲ್ಲುನೋವು ಬಂದವನಿಗೆ ವೈದ್ಯರ ಮನೆಯ ದಾರಿಯನ್ನು ಯಾರೂ ತೋರಿಸಬೇಕಾಗಿಲ್ಲ. ನೋವೇ ಅವನನ್ನು ಕೈಹಿಡಿದು ಕರೆದೊಯ್ಯುತ್ತದೆ. ಮಧುಮೇಹದ ಹೊಸ್ತಿಲಲ್ಲಿ ನಿಂತವನ ಸ್ಥಿತಿ ಹಾಗಲ್ಲ. ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಅಂಕಿ 126ನ್ನು ಮುಟ್ಟಿದರೆ ವೈದ್ಯರು ಮಧುಮೇಹವನ್ನು ಗುರುತಿಸುತ್ತಾರೆ. 115ರಲ್ಲಿ ನಿಂತವನಿಗೆ ನೋವಿಲ್ಲ, ಜ್ವರವಿಲ್ಲ, ಹಸಿವಿಗೂ ಕೊರತೆಯಿಲ್ಲ. "ಇನ್ನೂ ಬಂದಿಲ್ಲವಲ್ಲ!" ಎಂದು ಪರೀಕ್ಷೆಯ ಚೀಟಿಯನ್ನು ಕಪಾಟಿಗೆ ಸೇರಿಸುತ್ತಾನೆ. ತಾಯಿಗೋ ಅಣ್ಣನಿಗೋ ಈ ರೋಗವಿದ್ದರೆ, "ವಂಶದಲ್ಲಿಯೇ ಇದೆ, ತಪ್ಪಿಸಿಕೊಳ್ಳಲಾದೀತೆ?" ಎಂಬ ಮಾತೂ ಸೇರುತ್ತದೆ. ಮೊದಲನೆಯದು ಉದಾಸೀನದ ಮಾತು, ಎರಡನೆಯದು ಹತಾಶೆಯದು. ಎರಡರ ಫಲವೂ ಒಂದೇ: ಆತ ಕುರ್ಚಿಯಿಂದ ಏಳುವುದಿಲ್ಲ.

ತಪ್ಪಿಸಿಕೊಳ್ಳಲು ಸಾಧ್ಯವೆಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಇಂಥ 3,234 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ, ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ದೇಹತೂಕದಲ್ಲಿ ನೂರಕ್ಕೆ ಏಳು ಭಾಗವನ್ನು ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿಯನ್ನಿಟ್ಟುಕೊಂಡವರಲ್ಲಿ, ಹುಸಿಗುಳಿಗೆ ನುಂಗಿದವರಿಗಿಂತ ಶೇಕಡ 58ರಷ್ಟು ಕಡಿಮೆಯಾಗಿ ರೋಗ ಕಾಣಿಸಿಕೊಂಡಿತು. ಮೆಟ್‌ಫಾರ್ಮಿನ್ ಗುಳಿಗೆಯಿಂದ ದೊರೆತ ಲಾಭ ಶೇಕಡ 31 ಮಾತ್ರ.

ಮಿತವಾಗಿ ಉಣ್ಣಬೇಕು, ನಡೆಯಬೇಕು ಎಂಬುದು ಯಾರಿಗೆ ತಿಳಿಯದು? ಅಲ್ಲಿ ಕಲಿಸಿದ ರೀತಿಯೇ ಗಮನಾರ್ಹವಾದುದು. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರು; ಮೊದಲಿಗೆ ಹದಿನಾರು ಪಾಠಗಳು. ತಿಂದದ್ದನ್ನೂ ನಡೆದದ್ದನ್ನೂ ಬರೆದಿಡಬೇಕಾಗಿತ್ತು. ಮನಸ್ಸಿನೊಳಗಿನ ಅಧೈರ್ಯದ ಮಾತಿಗೆ ಹೇಗೆ ಎದುರುತ್ತರ ಕೊಡಬೇಕು, ಜಾರಿದಾಗ ಹೇಗೆ ಮತ್ತೆ ಏಳಬೇಕು ಎಂಬುದಕ್ಕೂ ಪಾಠಗಳಿದ್ದವು.

ಜಾರುವುದನ್ನು ಕುರಿತು ಒಂದೆರಡು ಮಾತು ಅಗತ್ಯ. ಮದುವೆಮನೆಯಲ್ಲಿ ಎರಡು ಹೋಳಿಗೆ ತಿಂದ ಗೃಹಸ್ಥರು, "ಹೇಗೂ ಕೆಟ್ಟಿತು" ಎಂದು ಮೂರನೆಯದನ್ನೂ ಹಾಕಿಸಿಕೊಳ್ಳುತ್ತಾರೆ. ಮರುದಿನ ನಾಚಿಕೆಯಿಂದ ನಡಿಗೆಯನ್ನೂ ಬಿಡುತ್ತಾರೆ. ಕುಡಿತ ಬಿಟ್ಟವರಲ್ಲಿ ಇದೇ ಬಗೆಯ ಮನೋವ್ಯಾಪಾರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ವಿವರಿಸಿದ್ದಾರೆ. ಕೆಡಿಸುವುದು ಮೊದಲ ತಪ್ಪಿಗಿಂತ, ಅದರ ಬೆನ್ನಿಗೆ ಬರುವ ಆತ್ಮನಿಂದೆ. ನಾವು ಪಥ್ಯವನ್ನು ಏಕಾದಶಿಯ ಉಪವಾಸದಂತೆ ಭಾವಿಸುತ್ತೇವೆ. ಒಮ್ಮೆ ಮುರಿದರೆ ಮುರಿದಂತೆಯೇ. ಅದನ್ನು ಮನೆಯ ಜಮಾಖರ್ಚಿನಂತೆ ಕಂಡರೆ ಲೇಸು. ಒಂದು ದಿನ ದುಂದುವೆಚ್ಚವಾಯಿತೆಂದು ಲೆಕ್ಕದ ಪುಸ್ತಕವನ್ನು ಒಲೆಗೆ ಹಾಕುವ ಗೃಹಿಣಿಯನ್ನು ನಾನಂತೂ ಕಂಡಿಲ್ಲ.

ಸಂಕಲ್ಪಕ್ಕೂ ಒಂದು ಗೊತ್ತಾದ ಹೊತ್ತು ಬೇಕು. "ಇನ್ನು ಮೇಲೆ ನಡೆಯುತ್ತೇನೆ" ಎಂಬುದು ಗಾಳಿಯ ಮಾತು. "ಸಂಜೆಯ ಕಾಫಿ ಮುಗಿಸಿ ಲೋಟ ಕೆಳಗಿಟ್ಟೊಡನೆ ಚಪ್ಪಲಿ ಮೆಟ್ಟುತ್ತೇನೆ" ಎಂದುಕೊಂಡರೆ ಲೋಟವೇ ನೆನಪು ಮಾಡಿಕೊಡುತ್ತದೆ. ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಇದನ್ನೇ ವಿಶೇಷವಾಗಿ ಅಧ್ಯಯನ ಮಾಡಿದವರು.

ನೆನಪು ಮಾಡಿಕೊಡುವವರು ಹೊರಗಿನವರಾದರೂ ಆದೀತು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 537 ಮಂದಿ ಉದ್ಯೋಗಸ್ಥ ಗಂಡಸರ ಮೇಲೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆರಂಭದಲ್ಲಿ ಸಲಹೆ ದೊರೆತಿತ್ತು; ಅರ್ಧದಷ್ಟು ಮಂದಿಗೆ ಮಾತ್ರ ಮೊಬೈಲಿನಲ್ಲಿ ಕಿರುಸಂದೇಶಗಳು ಬರುತ್ತಿದ್ದವು. ಬದಲಾಗಲು ಅವರವರ ಮನಸ್ಸು ಎಷ್ಟು ಸಿದ್ಧವಾಗಿದೆಯೆಂಬುದನ್ನು ನೋಡಿ ಸಂದೇಶ ಕಳುಹಿಸುತ್ತಿದ್ದರು. ಎರಡು ವರ್ಷಗಳಲ್ಲಿ ಸಂದೇಶ ಪಡೆದವರಲ್ಲಿ ನೂರಕ್ಕೆ 18 ಮಂದಿಗೆ, ಉಳಿದವರಲ್ಲಿ 27 ಮಂದಿಗೆ ಮಧುಮೇಹ ಬಂದಿತು.

ಮನೆಯಲ್ಲಿ ಈ ಕೆಲಸ ಇನ್ನಷ್ಟು ನಾಜೂಕಾದುದು. ಬೇಡವೆಂದರೂ ಬಡಿಸುವುದೇ ಪ್ರೀತಿಯೆಂದು ನಂಬಿದ ಕೈಗಳು ನಮ್ಮವು. ಅದೇ ಕೈ ಒಮ್ಮೆಗೇ ಕಾವಲುಗಾರನಂತೆ ಸಕ್ಕರೆಯ ಡಬ್ಬಿಯನ್ನು ಬಚ್ಚಿಟ್ಟರೆ, ಯಜಮಾನರು ಹೋಟೆಲಿನ ಮೈಸೂರುಪಾಕಿಗೆ ಶರಣಾಗುತ್ತಾರೆ. ಆದರೆ "ತರಕಾರಿ ತರಬೇಕು, ನಾನೂ ಬರುತ್ತೇನೆ, ನಡೆದೇ ಹೋಗೋಣ" ಎಂದರೆ ಅವರು ಬೇಡವೆನ್ನುವುದು ಅಪರೂಪ.