ಮೊಲ ಹೇಳಿದ್ದು, ಗಡಿಯಾರ ಹೇಳಿದ್ದು

ಶಿರಗುಪ್ಪಿಯ ಸುತ್ತಿನ ನಮ್ಮ ಕಬ್ಬಿನ ಸೀಮೆಯಲ್ಲಿ ‘ಔಷಧ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಜ್ವರ ಬಂದವನಿಗೆ ವೈದ್ಯರು ಕೊಡುವುದೂ ಔಷಧ. ಬೆಳೆಗೆ ಹುಳು ಬಿದ್ದಾಗ ಪಂಪು ಬೆನ್ನಿಗೇರಿಸಿ ಹೊಡೆಯುವುದೂ ಔಷಧ. ಆದರೆ ‘ಔಷಧ ಕುಡಿದ’ ಎಂಬ ಕೂಗು ಕೇಳಿದಾಗ ಅದು ಯಾವ ಔಷಧವೆಂದು ಯಾರೂ ವಿಚಾರಿಸುವುದಿಲ್ಲ. ಮಿರಜಿಗೆ ಹೋಗಲು ವಾಹನ ಹುಡುಕುತ್ತಾರೆ. ಆಸ್ಪತ್ರೆಯಲ್ಲಿ ಆ ವಿಷಕ್ಕೆ ಇನ್ನೊಂದು ಮದ್ದು ಸಿಗುತ್ತದೆ. ಆ ಮದ್ದಿನ ಗುಣವನ್ನು ಮನುಷ್ಯನು ಮೊದಲು ಅರಿತದ್ದು ಪ್ರಾಣಿಗಳ ಮೂಲಕ. ಆ ಪ್ರಾಣಿಗಳ ಸಾಕ್ಷ್ಯವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ನನ್ನ ಇಂದಿನ ಮಾತು.

ಆರ್ಗನೋಫಾಸ್ಫರಸ್ ಎಂಬ ವರ್ಗದ ಕೀಟನಾಶಕಗಳನ್ನೇ ತೆಗೆದುಕೊಳ್ಳೋಣ. ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಮೂಲಕ ಸ್ನಾಯುಗಳಿಗೂ ಗ್ರಂಥಿಗಳಿಗೂ ಸಂದೇಶ ಕಳುಹಿಸುತ್ತವೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ವಿಷವು ಈ ಕಿಣ್ವವನ್ನೇ ಕಟ್ಟಿಹಾಕಿದರೆ ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಶ್ವಾಸನಾಳಗಳಲ್ಲಿ ದ್ರವ. ಕಣ್ಣಿನ ಪಾಪೆ ಕಿರಿದಾಗುತ್ತದೆ. ಕೊನೆಗೆ ಉಸಿರೇ ಸೋಲುತ್ತದೆ.

ಸೋಜಿಗವೆಂದರೆ, ಇದರ ಮದ್ದು ಈ ಕೀಟನಾಶಕಗಳು ಹುಟ್ಟುವುದಕ್ಕೂ ಬಹಳ ಮೊದಲೇ ದೊರೆತಿತ್ತು. ಶಿವನಿಗೆ ಪ್ರಿಯವೆನ್ನುವ ದತ್ತೂರಿಯ ಕುಲದ ಗಿಡಗಳಲ್ಲಿ ಅಟ್ರೋಪಿನ್ ಎಂಬ ಸಾರವಿದೆ. ಪಶ್ಚಿಮ ಆಫ್ರಿಕದ ಕಲಬಾರ್ ಅವರೆಯಲ್ಲಿರುವ ವಿಷವು ಇಂದಿನ ಕೀಟನಾಶಕದಂತೆ ಅದೇ ಕಿಣ್ವವನ್ನು ತಡೆಯುತ್ತದೆ. 1864ರಲ್ಲಿ ಪ್ರಾಗ್ ನಗರದ ವೈದ್ಯ ಕ್ಲೈನ್‌ವೆಕ್ಟರ್, ಅಟ್ರೋಪಿನ್ ಕುಡಿದಿದ್ದ ಕೈದಿಯೊಬ್ಬನಿಗೆ ಈ ಅವರೆಯ ಸಾರವನ್ನು ಕೊಟ್ಟು ಬದುಕಿಸಿದನು. ಇದನ್ನೇ ತಿರುವಿ, ಎಡಿನ್‌ಬರೋದ ಥಾಮಸ್ ಫ್ರೇಸರ್ ಮೊಲಗಳಿಗೆ ಅವರೆಯ ವಿಷವನ್ನೂ ಅಟ್ರೋಪಿನ್ನನ್ನೂ ಕೊಟ್ಟು, 1872ರಲ್ಲಿ ಫಲಿತವನ್ನು ಪ್ರಕಟಿಸಿದನು. ಈ ಪ್ರಯೋಗದಲ್ಲಿ ನನಗೆ ಮುಖ್ಯವೆನಿಸುವುದು ಅವನು ಕೇಳಿದ ಪ್ರಶ್ನೆ. ಮದ್ದು ಗುಣಕಾರಿಯೇ ಎಂದಷ್ಟೇ ಅವನು ಕೇಳಲಿಲ್ಲ. ಎಷ್ಟು ವಿಷಕ್ಕೆ ಎಷ್ಟು ಮದ್ದು, ಎಷ್ಟು ಹೊತ್ತಿನ ಒಳಗೆ ಎಂದು ಕೇಳಿದನು. ವಿಷ ಒಂದು ಮಿತಿಯನ್ನು ಮೀರಿದರೆ ಮದ್ದು ಸೋಲುತ್ತದೆ. ಮದ್ದು ಮಿತಿಮೀರಿದರೆ ಅದೇ ಕೊಲ್ಲುತ್ತದೆ.

ಅಟ್ರೋಪಿನ್ ಸಂದೇಶ ತಲುಪುವ ಬಾಗಿಲನ್ನು ಮುಚ್ಚುತ್ತದೆ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವುದಿಲ್ಲ. ಬಿಡಿಸುವ ಮದ್ದನ್ನು 1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಇರ್ವಿನ್ ವಿಲ್ಸನ್ ಮತ್ತು ಸಂಗಡಿಗರು ಸಿದ್ಧಪಡಿಸಿದರು. ಅದರ ಹೆಸರು ಪ್ರಾಲಿಡಾಕ್ಸಿಮ್. ಇಲಿಗಳಲ್ಲಿ ಇದು ಮಾರಕ ವಿಷದ ಎದುರು ನಿಂತಿತು. ಅಟ್ರೋಪಿನ್ನಿನೊಡನೆ ಸೇರಿದಾಗ ಇನ್ನೂ ಬಲಗೊಂಡಿತು. ಎರಡೂ ಕೂಡಿದರೆ ಗೆಲುವು ಖಚಿತವೆಂದು ತೋರಿತು.

ಮನುಷ್ಯರಲ್ಲಿ ಏನಾಯಿತು? ಮಹಾರಾಷ್ಟ್ರದ ಬಾರಾಮತಿಯಲ್ಲಿ, ನಮ್ಮದರಂತೆಯೇ ಕಬ್ಬಿನ ಸೀಮೆಯಲ್ಲಿ, 200 ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪ್ರಾಲಿಡಾಕ್ಸಿಮ್ ಸತತವಾಗಿ ಹನಿದಾಗ ನೂರಕ್ಕೆ ಒಬ್ಬರು ತೀರಿಕೊಂಡರು. ಬಿಟ್ಟುಬಿಟ್ಟು ಚುಚ್ಚಿದಾಗ ಎಂಟು ಜನ. ಮೂರು ವರ್ಷಗಳ ಬಳಿಕ ಶ್ರೀಲಂಕೆಯಿಂದ ಬೇರೆಯೇ ಸುದ್ದಿ ಬಂದಿತು. ಅಲ್ಲಿ 235 ರೋಗಿಗಳಲ್ಲಿ ಪ್ರಾಲಿಡಾಕ್ಸಿಮ್ ಪಡೆದವರ ಪೈಕಿ ನೂರಕ್ಕೆ ಸುಮಾರು 25 ಮಂದಿ ಮಡಿದರು. ಪಡೆಯದವರ ಪೈಕಿ ಸುಮಾರು 16. ಎಲ್ಲರಿಗೂ ಅಟ್ರೋಪಿನ್ ಸಿಕ್ಕಿತ್ತು.

ಹಾಗಾದರೆ ಇಲಿಗಳು ಸುಳ್ಳು ಹೇಳಿದುವೆ? ಇಲ್ಲ. ಕೇಳಿದಷ್ಟಕ್ಕೆ ಅವು ಉತ್ತರ ಕೊಟ್ಟವು. ಪ್ರಯೋಗಶಾಲೆಯಲ್ಲಿ ವಿಷ ಶುದ್ಧ, ಪ್ರಮಾಣ ಗೊತ್ತು, ಮದ್ದು ಕೈಯಲ್ಲೇ ಇರುತ್ತದೆ. ಹಳ್ಳಿಯಲ್ಲಿ ಕುಡಿದದ್ದೆಷ್ಟೆಂದು ಗೊತ್ತಿಲ್ಲ, ಆಸ್ಪತ್ರೆ ದೂರ. ಕಿಣ್ವಕ್ಕೆ ಅಂಟಿದ ವಿಷ ಕಾಲ ಕಳೆದಂತೆ ಬಿಡಿಸಲಾರದಷ್ಟು ಗಟ್ಟಿಯಾಗುತ್ತದೆ. ಕೆಲವು ಕೀಟನಾಶಕಗಳಲ್ಲಿ ಇದಕ್ಕೆ ಕೆಲವೇ ಗಂಟೆ ಸಾಕು. ಇನ್ನು ಕೆಲವುಗಳಲ್ಲಿ ಒಂದು ದಿನಕ್ಕೂ ಹೆಚ್ಚು ಬೇಕು. ಬಾರಾಮತಿಯಲ್ಲಿ ಹೋಲಿಸಿದ್ದು ಒಂದೇ ಮದ್ದಿನ ಎರಡು ಕ್ರಮಗಳನ್ನು. ಶ್ರೀಲಂಕೆಯಲ್ಲಿ ಮದ್ದಿಗೂ ಬರಿಯ ಲವಣದ್ರಾವಣಕ್ಕೂ ಹೋಲಿಕೆ. ಇದಲ್ಲದೆ ಡಬ್ಬಿಯಲ್ಲಿರುವುದು ವಿಷವೊಂದೇ ಅಲ್ಲ. ಎಡಿನ್‌ಬರೋದ ಸಂಶೋಧಕರು ಹಂದಿಗಳ ಮೇಲೆ ಡೈಮಿಥೋಯೇಟ್ ಕೀಟನಾಶಕವನ್ನು ಪರೀಕ್ಷಿಸಿ, ಅದನ್ನು ಕರಗಿಸಲು ಬಳಸಿದ ದ್ರಾವಕವೂ ಸೇರಿಯೇ ಅದು ಅಷ್ಟು ಘೋರವಾಗುತ್ತದೆಂದು 2012ರಲ್ಲಿ ತೋರಿಸಿದರು. ಶುದ್ಧ ವಿಷವನ್ನಷ್ಟೇ ಕಂಡ ಇಲಿಗೆ ಇದು ತಿಳಿಯುವ ಬಗೆ ಹೇಗೆ?

ಈ ವಾದಗಳ ನಡುವೆ ಅಲುಗದೆ ನಿಂತದ್ದು ಮೂರು: ಉಸಿರಿನ ದಾರಿಯನ್ನು ಕಾಯುವುದು, ಆಮ್ಲಜನಕ, ಎದೆಯ ಗೊರಗೊರ ಅಡಗುವವರೆಗೆ ವೈದ್ಯರು ಅಳೆದು ಕೊಡುವ ಅಟ್ರೋಪಿನ್. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ರೂಢಿ ಇವುಗಳಲ್ಲಿ ಸೇರಿಲ್ಲ; ಎಚ್ಚರ ತಪ್ಪಿದವನ ಶ್ವಾಸಕೋಶಕ್ಕೆ ಅದು ನುಗ್ಗೀತು. ಮಾಡಬೇಕಾದದ್ದು ಇಷ್ಟೇ: ಮೈಗೆ ಚೆಲ್ಲಿದ ಬಟ್ಟೆ ಕಳಚಿ ಸಾಬೂನಿನಿಂದ ತೊಳೆಯುವುದು, ಡಬ್ಬಿಯನ್ನು ವೈದ್ಯರಿಗೆ ತೋರಿಸಲು ಜೊತೆಗೊಯ್ಯುವುದು, ತಡಮಾಡದೆ ಹೊರಡುವುದು. ಮದ್ದುಗಳನ್ನು ಹೋಲಿಸುವ ಕೆಲಸ ಮುಂದೆಯೂ ನಡೆಯಲಿ. ಆದರೆ ಫ್ರೇಸರನ ಮೊಲಗಳು ಅಂದೇ ಹೇಳಿದ ಮಾತೊಂದುಂಟು: ಮದ್ದಿನ ಬಲವನ್ನು ಅಳೆಯುವ ತಕ್ಕಡಿಯಲ್ಲಿ ಒಂದು ತಟ್ಟೆ ಯಾವಾಗಲೂ ವೇಳೆಯದು.